ಕವಣೆಯಿಂದ ಎಸ್-400ಕ್ಕೆ: ರಾಯಚೂರು ಕೋಟೆ ಬಿಡಿಸಿ ಹೇಳುವ ಮಿಸೈಲ್ ಪದಗಳು

ಭಾಗ 1

ದೋಸ್ತರೇ, 2025ರ ಮೇ ಮೊದಲ ವಾರ ನೆನಪು ಮಾಡಿಕೊಳ್ರಿ. ದೇಶದ 244 ಸಿವಿಲ್ ಡಿಫೆನ್ಸ್ ಜಿಲ್ಲೆಗಳಲ್ಲಿ ಮಾಕ್ ಡ್ರಿಲ್ ನಡೆಸಬೇಕು ಅಂತ ಕೇಂದ್ರ ಗೃಹ ಸಚಿವಾಲಯ ಹೇಳಿದಾಗ, ಕರ್ನಾಟಕದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ನಮ್ಮ ರಾಯಚೂರಿನ ಹೆಸರೂ ಇತ್ತು. ಗಡಿ ಎಲ್ಲೋ, ನಾವು ಎಲ್ಲೋ! ಆದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಶಕ್ತಿನಗರದ ಆರ್‌ಟಿಪಿಎಸ್ ಇದೆಯಲ್ಲ, 1720 ಮೆಗಾವಾಟ್‌ನ ಸ್ಥಾವರ.

ಆ ವಾರ ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಭಾಷೆ. ಎಸ್-400, ಆಕಾಶ್, ಬ್ರಹ್ಮೋಸ್, ಇಂಟರ್‌ಸೆಪ್ಟ್, ಏರ್ ಡಿಫೆನ್ಸ್. ದೇವದುರ್ಗ ಬಸ್‌ಸ್ಟ್ಯಾಂಡಿನಿಂದ ಮಾನ್ವಿ ಕಾಲೇಜಿನ ತನಕ ಎಲ್ಲರೂ ಒಂದು ವಾರ ಕ್ಷಿಪಣಿ ತಜ್ಞರು. ನಗಬ್ಯಾಡ್ರಿ, ಹೆದರಿಕೆ ಆದಾಗ ಮನುಷ್ಯ ಪದಗಳನ್ನು ಹಿಡಿದುಕೊಳ್ಳುತ್ತಾನೆ. ಆದರೆ ಆ ಪದಗಳ ಒಳಗೆ ಏನಿದೆ? ಅದನ್ನು ಬಿಡಿಸಿ ನೋಡಲು ನನಗೆ ಸಿಕ್ಕ ಒಳ್ಳೆಯ ಜಾಗ ನಮ್ಮ ಕೋಟೆ. ಯಾಕಂದ್ರ ಮೇಲಿನಿಂದ ಬಂದು ಬೀಳುವ ವಸ್ತುವಿಗೆ ಅಡ್ಡ ನಿಲ್ಲುವುದು ಅಂದರೇನು ಅಂತ ಈ ಊರು 500 ವರ್ಷದ ಹಿಂದೆಯೇ ಅನುಭವಿಸಿದೆ.

ಭಾಗ 2

ಮೊದಲು ಹೊಲಕ್ಕೆ ಹೋಗೋಣ. ಕಾಲುವೆ ಬಂದು ಭತ್ತ ಬೆಳೆಯುವ ಮೊದಲು ದೇವದುರ್ಗ, ಮಾನ್ವಿ ಸೀಮೆ ಅಂದರೆ ಜೋಳದ ಸೀಮೆ. ತೆನೆ ಹಾಲುಗಾಳು ಆದಾಗ ಹಕ್ಕಿ ಓಡಿಸಲು ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳ್ರಿ, ಕವಣೆ ಬೀಸಿದ ಕಲ್ಲು ಕೈ ಬಿಟ್ಟ ಮೇಲೆ ಯಾರ ಮಾತೂ ಕೇಳೋದಿಲ್ಲ. ಎಷ್ಟು ಜೋರು, ಯಾವ ಕೋನ ಅನ್ನುವುದು ಕೈಯಲ್ಲಿದ್ದಾಗಲೇ ತೀರ್ಮಾನ. ಆಮೇಲೆ ಭೂಮಿಯ ಸೆಳೆತ, ಗಾಳಿಯ ತಡೆ, ಅಷ್ಟೇ.

ಬ್ಯಾಲಿಸ್ಟಿಕ್ ಮಿಸೈಲ್ ಅಂದರೆ ಇದೇ. ಎಂಜಿನ್ ಉರಿಯುವುದು ಶುರುವಿನ ಸ್ವಲ್ಪ ಹೊತ್ತು ಮಾತ್ರ, ಉಳಿದ ದಾರಿಯೆಲ್ಲ ಬಹುಮಟ್ಟಿಗೆ ಕವಣೆಕಲ್ಲು. ಪದದ ಬೇರೂ ಅಲ್ಲೇ ಇದೆ. ಗ್ರೀಕರು, ರೋಮನ್ನರು ಇಟ್ಟುಕೊಂಡಿದ್ದ ಕಲ್ಲೆಸೆಯುವ ಯಂತ್ರದ ಹೆಸರು ಬಲಿಸ್ಟ. ನಮ್ಮ ಹಳೆಯ ಕನ್ನಡದಲ್ಲೂ ಅಂಥ ಯಂತ್ರಕ್ಕೆ ಡೆಂಕಣಿ ಅನ್ನುವ ಹೆಸರಿತ್ತು. ಈ ಪದ ಸತ್ತುಹೋಗಿದ್ದು ನನಗಂತೂ ಬೇಜಾರು.

ಕ್ರೂಸ್ ಮಿಸೈಲ್ ಬೇರೆ ಜಾತಿ. ಅದಕ್ಕೆ ಕೊನೆಯ ತನಕ ಎಂಜಿನ್ ಉರಿಯುತ್ತದೆ, ಹಕ್ಕಿ ಹಾಗೆ ತಗ್ಗಿನಲ್ಲಿ ಹಾರುತ್ತದೆ, ದಾರಿ ಬದಲಿಸುತ್ತದೆ. ಬ್ರಹ್ಮೋಸ್ ಈ ಜಾತಿ. ಅಂದಹಾಗೆ ಆ ಹೆಸರು ಬ್ರಹ್ಮಾಸ್ತ್ರದಿಂದ ಬಂದಿದ್ದಲ್ಲ. ಬ್ರಹ್ಮಪುತ್ರ ನದಿ, ರಷ್ಯಾದ ಮಾಸ್ಕ್ವಾ ನದಿ, ಎರಡನ್ನೂ ಕತ್ತರಿಸಿ ಜೋಡಿಸಿದ್ದು. ಇನ್ನೊಂದು: ಬ್ರಹ್ಮೋಸ್ ಹೊಡೆಯುವ ಆಯುಧ, ತಡೆಯುವುದಲ್ಲ. ಸ್ಟೇಟಸ್‌ಗಳಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಓಡಾಡುತ್ತಿದ್ದವು.

ಮಿಸೈಲ್ ಅಂದರೆ ಲ್ಯಾಟಿನ್ನಿನಲ್ಲಿ ಎಸೆಯಬಹುದಾದ್ದು, ಕಳಿಸಬಹುದಾದ್ದು. ನೀವು ಕಳಿಸುವ ಮೆಸೇಜ್ ಕೂಡ ಅದೇ ಬೇರಿನದು. ಕ್ಷಿಪಣಿ ಬಂದಿದ್ದು ಸಂಸ್ಕೃತದ ಕ್ಷಿಪ್ ಧಾತುವಿನಿಂದ, ಅರ್ಥ ಎಸೆ. ಶಾರ್ಟ್ ಫಾರ್ಮ್‌ಗೆ ನಾವು ಹೇಳುವ ಸಂಕ್ಷಿಪ್ತ ಕೂಡ ಅದೇ ಧಾತು! ಒಟ್ಟಿಗೆ ಎಸೆದು ಗುಡ್ಡೆ ಹಾಕಿದ್ದು ಸಂಕ್ಷಿಪ್ತ. ಪಿಎಡಿ, ಎಎಡಿ, ಬಿಎಂಡಿ ಅಂತ ಓದುವಾಗ ಈ ಗುಡ್ಡೆ ನೆನಪಿರಲಿ.

ಭಾಗ 3

ಈಗ ಕೋಟೆ. ಮೂರನೇ ಫೋಟೋದಲ್ಲಿ ಕಾಣುವ ಉದ್ದನೆಯ ಕಲ್ಲು ನೋಡ್ರಿ, 41 ಅಡಿಗೂ ಹೆಚ್ಚು. ಅದರ ಮೇಲಿನ ಶಾಸನ 1294ನೇ ಇಸವಿಯದು, ಕಾಕತೀಯರ ಕಾಲದ್ದು, ಕೋಟೆ ಕಟ್ಟಿಸಿದ ವಿಠ್ಠಲನಾಥನ ಹೆಸರು ಅದರಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆಯುವ ಚಿತ್ರವನ್ನೂ ಕೆತ್ತಿದ್ದಾರೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಒಳಗೋಡೆ ಆ ಕಾಲದ್ದು. ಹೊರಗೋಡೆ, ಕಂದಕ ಆಮೇಲೆ ಬಹಮನಿಗಳ ಕಾಲದಲ್ಲಿ ಬಂದವು.

ಗೋಡೆಯ ಜೊತೆ ಪದಗಳೂ ಬಂದವು. ಬುರುಜು ಅರಬ್ಬಿಯದು. ಕಂದಕ ಪರ್ಶಿಯನ್ ಮೂಲದ್ದು, ಅಗೆದದ್ದು ಅಂತ ಅರ್ಥ. ಈಗ ನಾವು ಪರೀಕ್ಷೆಯಲ್ಲಿ ಬಡವ ಶ್ರೀಮಂತರ ನಡುವಿನ ಕಂದಕ ಅಂತ ಬರೆಯುತ್ತೇವೆ, ಆದರೆ ನವರಂಗಿ ದರವಾಜ, ಮೆಕ್ಕಾ ದರವಾಜ ಕಡೆ ನಿತ್ಯ ಓಡಾಡುವವರಿಗೆ ಅದು ಕಣ್ಣಿಗೆ ಕಾಣುವ ವಸ್ತು. ತೋಪು ಟರ್ಕಿ ಭಾಷೆಯ ಪದ, ಮೂಲದಲ್ಲಿ ಚೆಂಡು, ಗುಂಡು ಎಂಬ ಅರ್ಥ. ಫಿರಂಗಿ ಅಂದರೆ ಫ್ರಾಂಕ್, ಯುರೋಪಿನವನು. ಆಯುಧಕ್ಕೆ ತಂದವನ ಹೆಸರೇ ನಿಂತುಬಿಟ್ಟಿತು. ಕೋವಿ ನಮ್ಮದೇ, ಕೊಳವೆ ಅಂತ. ಮದ್ದು ಮಾತ್ರ ವಿಚಿತ್ರ. ಜ್ವರಕ್ಕೆ ಕುಡಿಯುವುದೂ ಮದ್ದು, ತೋಪಿಗೆ ತುಂಬುವುದೂ ಮದ್ದು. ಪರ್ಶಿಯನ್ನಿನ ದಾರೂ ಪದಕ್ಕೂ ಇದೇ ಎರಡು ಅರ್ಥ.

ಈ ಹಳೆಯ ಪದಗಳಲ್ಲಿ ನನಗೆ ಇಷ್ಟವಾಗುವುದು ಒಂದು. ಕಂದಕ ಅಂದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಬೀಳುತ್ತೀವಿ ಅನ್ನುವುದು ಗೊತ್ತಾಗುತ್ತದೆ. ಬಿಎಂಡಿ ಅಂದರೆ ಏನೂ ಗೊತ್ತಾಗುವುದಿಲ್ಲ.

ಭಾಗ 4

1520. ವಿಜಯನಗರದ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದಾನೆ. ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನದು. ಈ ಯುದ್ಧದ ವಿವರ ನಮಗೆ ಹೆಚ್ಚಾಗಿ ಸಿಗುವುದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನ್ಯೂನಿಸ್ ಬರೆದಿಟ್ಟದ್ದರಿಂದ. ಅವನ ಲೆಕ್ಕದಲ್ಲಿ ಕೋಟೆಯೊಳಗೆ 8000 ಸೈನಿಕರು, 400 ಕುದುರೆ, 20 ಆನೆ, 200 ದೊಡ್ಡ ತೋಪು, ಕಲ್ಲೆಸೆಯುವ 30 ಯಂತ್ರ. ಗಮನಿಸಿದ್ರಾ? ತೋಪೂ ಇದೆ, ಡೆಂಕಣಿಯೂ ಇದೆ. ಒಂದು ಬುರುಜಿನಲ್ಲಿ ಆಡಿದ ಮಾತು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ ಹತ್ತಿರ ಬುರುಜುಗಳು ಅಂತಲೂ ಬರೆದಿದ್ದಾನೆ. ಅಂಕಿಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ನ್ಯೂನಿಸನಿಗೆ ದೊಡ್ಡ ಅಂಕಿ ಅಂದರೆ ಪ್ರೀತಿ. ಆದರೂ ಕಾಗದದ ಮೇಲೆ ಇದು ಭೇದಿಸಲಾಗದ ಕೋಟೆ.

ಇದನ್ನು ಬಿಡಿಸಿಕೊಳ್ಳಲು ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದ. ಮೇ 19ರಂದು ಯುದ್ಧ ಅಂತ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅವನ ನಂಬಿಕೆಯೆಲ್ಲ ತೋಪಿನ ಮೇಲೆ. ಎಲ್ಲವನ್ನೂ ಒಟ್ಟಿಗೆ ಹಾರಿಸಿದ. ವಿಜಯನಗರದ ಮುಂದಿನ ಸಾಲು ಚಿಂದಿಯಾಗಿ ಹಿಂದಕ್ಕೆ ಓಡಿತು. ಆದರೆ ಆ ಕಾಲದ ತೋಪು ಒಮ್ಮೆ ಹಾರಿದ ಮೇಲೆ ಒರೆಸಿ, ಮದ್ದು ತುಂಬಿ, ಗುಂಡು ಇಟ್ಟು ಮತ್ತೆ ಹಾರಿಸಲು ಹೊತ್ತು ಬೇಕು. ರಾಯ ಉಳಿದ ಸೈನ್ಯ ಕೂಡಿಸಿಕೊಂಡು ತಿರುಗಿ ನುಗ್ಗಿದ. ಕೊನೆಗೆ 400 ದೊಡ್ಡ ತೋಪುಗಳು ಗೆದ್ದವನ ಪಾಲಾದವು ಅನ್ನುತ್ತಾನೆ ನ್ಯೂನಿಸ್. ತೋಪು ಹೆಚ್ಚಿದ್ದವನು ಸೋತ.

ಆಮೇಲೆ ಮತ್ತೆ ಕೋಟೆಗೆ. ಇಲ್ಲಿ ಎರಡು ಸಂಗತಿ ಆದವು.

ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ರೊಕ್ಕ ಕೊಡುತ್ತಿದ್ದರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಹಣ. ಹಣ ಅಂದರೆ ಆಗ ಒಂದು ಸಣ್ಣ ಚಿನ್ನದ ನಾಣ್ಯ. ಕೋಣಗಳ ಸಾಲು ಕಟ್ಟಿ ತಂದು ಕೂರಿಸಿದ ಕಲ್ಲುಗಳನ್ನು ಗುದ್ದಲಿ, ಹಾರೆ ಹಿಡಿದ ಆಳುಗಳು ದಿನಗೂಲಿಯಂತೆ ಕಿತ್ತು ತಂದರು. ಅವರಲ್ಲಿ ಎಷ್ಟೋ ಜನ ಸತ್ತರು, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಎರಡನೆಯದು. ಬುರುಜಿನ ತೋಪು ದೂರಕ್ಕೆ ಹೊಡೆಯುತ್ತದೆ, ಆದರೆ ಗೋಡೆಯ ಬುಡಕ್ಕೆ ಬಂದವನಿಗೆ ಅದು ತಿರುಗುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಬುಡದಲ್ಲಿ ಕಲ್ಲು ಕೀಳುವವನನ್ನು ಹೊಡೆಯಬೇಕಾದರೆ ಗೋಡೆ ಮೇಲಿನ ಸೈನಿಕ ಮೈ ಹೊರಗೆ ಚಾಚಿ ಬಗ್ಗಬೇಕು. ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಜೊತೆ 20 ಕೋವಿಕಾರರಿದ್ದರು. ಅವರು ದೂರದಲ್ಲಿ ನಿಂತು ಬಗ್ಗಿದವರನ್ನಷ್ಟೇ ಆರಿಸಿ ಹೊಡೆದರು. ಗೋಡೆ ಮೇಲೆ ತಲೆ ಎತ್ತುವವರು ಕಡಿಮೆಯಾದರು, ಬುಡದ ಕೆಲಸ ಜೋರಾಯಿತು. ಫಿಗೆರೆಡೊ ಎಲ್ಲಿದ್ದಾನೆ ಅಂತ ನೋಡಲು ಕೋಟೆಯ ಅಧಿಕಾರಿಯೇ ಬಗ್ಗಿದ, ಹಣೆಗೆ ಗುಂಡು ಬಿತ್ತು. ಮರುದಿನ ಊರು ಶರಣಾಯಿತು.

200 ತೋಪಿನ ಕೋಟೆಯನ್ನು ಸೋಲಿಸಿದ್ದು ಅದಕ್ಕಿಂತ ದೊಡ್ಡ ತೋಪಲ್ಲ. ಬುಡದ ಕತ್ತಲೆ, ಅಗ್ಗದ ಹಾರೆ, ಮತ್ತು ಬಗ್ಗಲೇಬೇಕಾದ ಒಂದು ಕ್ಷಣ.

ಭಾಗ 5

ಈಗ ಇವತ್ತಿನ ಶಾರ್ಟ್ ಫಾರ್ಮ್‌ಗಳಿಗೆ ಬರೋಣ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ಒಂದು ಪ್ರಯೋಗಾಲಯ ಇದೆ, ಎಲ್‌ಆರ್‌ಡಿಇ. ಎಲೆಕ್ಟ್ರಾನಿಕ್ಸ್ ಅಂಡ್ ರೇಡಾರ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ಎಲೆಕ್ಟ್ರಾನಿಕ್ಸ್‌ನ ಮೊದಲಕ್ಷರ ಬಿಟ್ಟು ಎರಡನೆಯದನ್ನು ಹಿಡಿದಿದ್ದಾರೆ! ಆಕಾಶ್ ಕ್ಷಿಪಣಿಗೆ ದಾರಿ ತೋರುವ ರಾಜೇಂದ್ರ ರೇಡಾರ್ ಹುಟ್ಟಿದ್ದು ಇಲ್ಲೇ. ಆಕಾಶ್ ಬೇರು ಬಿಟ್ಟಿದ್ದು 1983ರ ಐಜಿಎಂಡಿಪಿಯಲ್ಲಿ, ಅಂದರೆ ಸಮಗ್ರ ನಿಯಂತ್ರಿತ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ. ಅಂದಹಾಗೆ ರೇಡಾರ್ ಕೂಡ ಶಾರ್ಟ್ ಫಾರ್ಮೇ, 1940ರಲ್ಲಿ ಅಮೆರಿಕದ ನೌಕಾಪಡೆ ಕಟ್ಟಿದ್ದು: ರೇಡಿಯೋ ಅಲೆ ಬಿಟ್ಟು ವಸ್ತುವನ್ನು ಪತ್ತೆ ಮಾಡಿ ದೂರ ಅಳೆಯುವುದು.

ಬಿಎಂಡಿ ಅಂದರೆ ಬ್ಯಾಲಿಸ್ಟಿಕ್ ಮಿಸೈಲ್ ಡಿಫೆನ್ಸ್, ಕವಣೆಕಲ್ಲಿಗೆ ಇನ್ನೊಂದು ಕಲ್ಲು ಹೊಡೆಯುವುದು. ಕಲ್ಲಿನ ದಾರಿ ಲೆಕ್ಕಕ್ಕೆ ಸಿಗುವುದರಿಂದಲೇ ಇದು ಸಾಧ್ಯ. ಭಾರತ ಮೊದಲ ಸಲ ಪರೀಕ್ಷೆಯಲ್ಲಿ ಇದನ್ನು ಮಾಡಿದ್ದು 2006ರ ನವೆಂಬರ್ 27ರಂದು, ಪಿಎಡಿ ಅಂದರೆ ಪೃಥ್ವಿ ಏರ್ ಡಿಫೆನ್ಸ್ ಕ್ಷಿಪಣಿಯಿಂದ, ಸುಮಾರು 50 ಕಿ.ಮೀ. ಎತ್ತರದಲ್ಲಿ. ರಾಯಚೂರಿನಿಂದ ಮಾನ್ವಿ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟು ಮೇಲಕ್ಕೆ. 2007ರ ಡಿಸೆಂಬರ್ 6ರಂದು ಎಎಡಿ, ಅಡ್ವಾನ್ಸ್ಡ್ ಏರ್ ಡಿಫೆನ್ಸ್, ಸುಮಾರು 15 ಕಿ.ಮೀ. ಎತ್ತರದಲ್ಲಿ. ಹೊರಗೋಡೆ, ಒಳಗೋಡೆ ಇದ್ದ ಹಾಗೆಯೇ. ಮೇಲಿನದು ತಪ್ಪಿದರೆ ಕೆಳಗಿನದು.

ಆಕಾಶ್ ತಲುಪುವುದು ಸುಮಾರು 25 ಕಿ.ಮೀ., ರಾಯಚೂರಿನಿಂದ ಶಕ್ತಿನಗರಕ್ಕಿಂತ ಸ್ವಲ್ಪ ಆಚೆ. 2018ರಲ್ಲಿ ರಷ್ಯಾದಿಂದ ಕೊಳ್ಳಲು ಒಪ್ಪಂದವಾದ ಎಸ್-400ರ ಅತಿ ಉದ್ದದ ಕ್ಷಿಪಣಿ ತಲುಪುವುದು 400 ಕಿ.ಮೀ., ಹೆಚ್ಚು ಕಡಿಮೆ ನಮ್ಮಿಂದ ಬೆಂಗಳೂರಿಗೆ ಇರುವಷ್ಟು. ಹೊಡೆತದ ದೂರ ಬೇರೆ, ಕಾಪಾಡುವ ಜಾಗ ಬೇರೆ ಅನ್ನುವುದು ತಿಳಿದಿರಲಿ. ಬುರುಜಿನ ತೋಪು ದೂರಕ್ಕೆ ಹೊಡೆಯುತ್ತಿತ್ತು, ಬುಡ ಕಾಯಲಿಲ್ಲ.

ಭಾಗ 6

ಇದೇ ಕಾರಣಕ್ಕೆ ಮಿಸೈಲ್ ಡಿಫೆನ್ಸಿನ ಭಾಷೆಯಲ್ಲಿ ನಾವು ಶೇರ್ ಮಾಡದ ಕೆಲವು ಪದಗಳಿವೆ. ನನ್ನ ಮಟ್ಟಿಗೆ ನಿಜವಾದ ಪಾಠ ಇರುವುದು ಇವುಗಳಲ್ಲಿ.

ರೇಡಾರ್ ಹೊರೈಜನ್: ಭೂಮಿ ದುಂಡಗಿರುವುದರಿಂದ ನೆಲದ ರೇಡಾರಿಗೆ ದೂರದಲ್ಲಿ ತಗ್ಗಾಗಿ ಬರುವುದು ಕಾಣುವುದಿಲ್ಲ. ಕ್ರೂಸ್ ಕ್ಷಿಪಣಿ, ಡ್ರೋನ್ ಬರುವುದು ಆ ಕತ್ತಲೆಯಲ್ಲೇ. ಗೋಡೆಯ ಬುಡ.

ಸ್ಯಾಚುರೇಶನ್: ತಡೆಯುವ ಕ್ಷಿಪಣಿ ಇರುವುದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಒಮ್ಮೆಲೇ ಕಳಿಸುವುದು. ಆದಿಲ್ ಶಾಹನ ತೋಪು ಖಾಲಿಯಾದ ಹೊತ್ತು.

ಕಾಸ್ಟ್ ಎಕ್ಸ್‌ಚೇಂಜ್: ಕಳಿಸುವವನ ಖರ್ಚೆಷ್ಟು, ತಡೆಯುವವನ ಖರ್ಚೆಷ್ಟು. ಅಗ್ಗದ ಡ್ರೋನ್ ಬೀಳಿಸಲು ದುಬಾರಿ ಕ್ಷಿಪಣಿ. ಒಂದು ಕಲ್ಲಿಗೆ 10 ಹಣ.

ಸಿಇಪಿ, ಅಂದರೆ ಸರ್ಕ್ಯುಲರ್ ಎರರ್ ಪ್ರಾಬಬಲ್. ಗುರಿಯ ಸುತ್ತ ಒಂದು ವೃತ್ತ, ಹೊಡೆದದ್ದರಲ್ಲಿ ಅರ್ಧ ಅದರೊಳಗೆ ಬೀಳುತ್ತವೆ. ಸಿಇಪಿ 50 ಮೀಟರ್ ಅಂದರೆ ಎಲ್ಲರೂ ವಾಹ್ ಅಂತಾರ. ಉಳಿದ ಅರ್ಧ? ಆರ್‌ಟಿಪಿಎಸ್ ಪಕ್ಕದಲ್ಲೇ ದೇವಸೂಗೂರು, ಸೂಗೂರೇಶ್ವರನ ಗುಡಿ, ಮನೆ, ಶಾಲೆ. ಆ ಮೂರಕ್ಷರದಲ್ಲಿ ಅವು ಎಲ್ಲಿಯೂ ಇಲ್ಲ. ಇಂಟರ್‌ಸೆಪ್ಟ್ ಆಯ್ತು ಅಂದಾಗಲೂ ಹಾಗೆಯೇ, ಒಡೆದ ಎರಡೂ ಕ್ಷಿಪಣಿಗಳ ಚೂರು ಕೆಳಗೆ ಯಾವುದೋ ಹೊಲಕ್ಕೋ ಮಾಳಿಗೆಗೋ ಬೀಳಲೇಬೇಕು.

ಇನ್ನೊಂದು, ಎಬಿಎಂ ಒಪ್ಪಂದ. 1972ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಕುಳಿತು, ತಡೆಯುವ ಕ್ಷಿಪಣಿಗಳನ್ನು ಇಬ್ಬರೂ ಹೆಚ್ಚು ಇಟ್ಟುಕೊಳ್ಳಬಾರದು ಅಂತ ಬರೆದುಕೊಂಡರು. ಗುರಾಣಿ ಬೇಡ ಅಂತ ಒಪ್ಪಂದ! ಯಾಕಂದ್ರ ಒಬ್ಬನ ಗುರಾಣಿ ಗಟ್ಟಿಯಾದರೆ ಇನ್ನೊಬ್ಬ ಇನ್ನಷ್ಟು ಬಾಣ ಮಾಡುತ್ತಾನೆ. 2002ರಲ್ಲಿ ಅಮೆರಿಕ ಹೊರಬಂತು. ಗುರಾಣಿ ಬೇಕೇ ಬೇಡವೇ ಅಂತ ಹೇಳುವಷ್ಟು ದೊಡ್ಡವ ನಾನಲ್ಲ. ಆದರೆ ಗುರಾಣಿ ಇದೆ ಅಂದಕೂಡಲೇ ಯುದ್ಧ ಬರಲಿ ಅನ್ನುವ ರೀಲ್ಸ್ ನೋಡಿದಾಗ, ಆ ಗೋಡೆಯ ಮೇಲೆ ಬಗ್ಗಿದವರು ನೆನಪಾಗುತ್ತಾರೆ.

ಭಾಗ 7

ಕೊನೆಗೆ ಶಾರ್ಟ್ ಫಾರ್ಮ್ ಇಲ್ಲದ ಒಂದು ಸಂಕೇತ, ಇದನ್ನಂತೂ ಸೇವ್ ಮಾಡಿಕೊಳ್ರಿ. ಸಿವಿಲ್ ಡಿಫೆನ್ಸ್ ಸೈರನ್ ಏರುತ್ತಾ ಇಳಿಯುತ್ತಾ 2 ನಿಮಿಷ ಕೂಗಿದರೆ ವೈಮಾನಿಕ ದಾಳಿಯ ಎಚ್ಚರಿಕೆ: ಒಳಗೆ ಹೋಗಬೇಕು, ಕಿಟಕಿ ಗಾಜಿನಿಂದ ದೂರ ಇರಬೇಕು, ಮೊಬೈಲ್ ಹಿಡಿದು ಮಾಳಿಗೆ ಹತ್ತಬಾರದು. ಒಂದೇ ಸಮನೆ 2 ನಿಮಿಷ ಕೂಗಿದರೆ ಅಪಾಯ ಕಳೆಯಿತು ಅಂತ. ಮನೆಯಲ್ಲಿ ಅಜ್ಜಿಗೂ ಹೇಳ್ರಿ, ಇದಕ್ಕೆ ಓದು ಬರಹ ಬೇಕಿಲ್ಲ, ಕಿವಿ ಸಾಕು.

ಮುಂದಿನ ಸರಣಿ: ಮಲಿಯಾಬಾದ್ ಕೋಟೆಯ ಕಲ್ಲಾನೆಗಳು. ನಿಮ್ಮೂರಿನ ಹಳೆಯ ಬುರುಜು, ಅಗಸಿಯ ಫೋಟೋ ಇದ್ದರೆ ಕಳಿಸ್ರಿ. ಡೆಂಕಣಿ ಅನ್ನುವ ಪದ ಹಿರಿಯರ ಬಾಯಲ್ಲಿ ಕೇಳಿದ್ದರೆ ಕಾಮೆಂಟ್‌ನಲ್ಲಿ ತಪ್ಪದೆ ಬರೀರಿ.

#ರಾಯಚೂರು #ದೇವದುರ್ಗ #ಮಾನ್ವಿ #ರಾಯಚೂರುಕೋಟೆ #ಪದಚರಿತ್ರೆ