‘ಉತ್ತರ ಒಳನಾಡಿನ ಕೆಲವೆಡೆ ಮಳೆ’: ಟಿವಿ ಹವಾಮಾನ ನಕಾಶೆ ನಮ್ಮೂರಿಗೆ ಬಂದ ದಾರಿ

‘ಉತ್ತರ ಒಳನಾಡಿನ ಕೆಲವೆಡೆ ಮಳೆಯಾಗುವ ಸಾಧ್ಯತೆ ಇದೆ.’ ರೇಡಿಯೊ, ಟಿವಿ ಕೇಳಿ ಬೆಳೆದ ನಮ್ಮ ಭಾಗದ ಹಿರಿಯರಿಗೆ ಈ ಸಾಲು ಬಾಯಿಪಾಠ. ಉತ್ತರ ಒಳನಾಡು ಅಂದರೆ ಬೀದರ್‌ನಿಂದ ಬೆಳಗಾವಿವರೆಗೆ ಹರಡಿದ ಒಂದೇ ಹವಾಮಾನ ವಿಭಾಗ. ಆ ‘ಕೆಲವೆಡೆ’ಯಲ್ಲಿ ಮಮದಾಪುರದ ಹೊಲ ಸೇರಿದೆಯೋ ಇಲ್ಲವೋ ಅನ್ನುವುದು ಮಾತ್ರ ಕೇಳಿದವರ ಅದೃಷ್ಟ.

ಹಾಗಂತ ಅದು ಬಾಯಿಗೆ ಬಂದ ಮಾತೇನಲ್ಲ. ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಎಷ್ಟು ಪಾಲು ಕಡೆ ಮಳೆ ಬೀಳಬಹುದು ಎಂಬ ಲೆಕ್ಕದ ಮೇಲೆ ಪದ ಬದಲಾಗುತ್ತದೆ. ಕಾಲುಭಾಗದೊಳಗೆ ಒಂದು ಪದ, ಅರ್ಧದೊಳಗೆ ಇನ್ನೊಂದು, ಮುಕ್ಕಾಲು ದಾಟಿದರೆ ಮತ್ತೊಂದು.

ನಮ್ಮ ಕಡೆ ಮೊದಲು ಬಂದದ್ದು ರೇಡಿಯೊ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಬಂತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಉಪಗ್ರಹ ಹಾರಿದ ಮೇಲೆ ವಾರ್ತೆಯ ಕೊನೆಗೆ ಮೋಡದ ಚಿತ್ರ ತೋರಿಸುವುದು ರೂಢಿಯಾಯಿತು. ಕಪ್ಪು ನಕಾಶೆ, ಮೇಲೆ ಬಿಳಿ ಮೋಡ. ರಾತ್ರಿಯೂ ಮೋಡ ಕಾಣುವ ಆ ಇನ್ಫ್ರಾರೆಡ್ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 11 ಕಿಲೋಮೀಟರ್. ಅಕ್ಕಪಕ್ಕದ ಹಲವು ಊರು ಒಂದೇ ಚುಕ್ಕೆಯೊಳಗೆ!

ಬೇರೆ ದೇಶಗಳಲ್ಲೂ ಹೀಗೇ ಹಂತಹಂತವಾಗಿ ಬದಲಾಯಿತು. ಬ್ರಿಟನ್ನಿನ ಬಿಬಿಸಿಯಲ್ಲಿ 1954ರ ಜನವರಿ 11ರಂದು ಜಾರ್ಜ್ ಕೌಲಿಂಗ್ ನಕಾಶೆಯ ಮುಂದೆ ನಿಂತು ಹವಾಮಾನ ವಿವರಿಸಿದರು. ಆಮೇಲೆ ಅಂಟಿಸುವ ಚಿಹ್ನೆಗಳು, 1985ರಲ್ಲಿ ಕಂಪ್ಯೂಟರ್ ಚಿತ್ರ ಬಂದವು. ಅಮೆರಿಕದಲ್ಲಿ 1982ರಲ್ಲಿ ಶುರುವಾದ ‘ದಿ ವೆದರ್ ಚಾನೆಲ್’ ಇನ್ನೊಂದು ಉಪಾಯ ಮಾಡಿತು. ಕೇಬಲ್ ಆಪರೇಟರ್‌ನ ಕೋಣೆಯಲ್ಲಿ ‘ವೆದರ್‌ಸ್ಟಾರ್’ ಎಂಬ ಪೆಟ್ಟಿಗೆ ಇಟ್ಟಿತು. ಚಾನೆಲ್ ದೇಶಕ್ಕೆಲ್ಲ ಒಂದೇ. ಆದರೆ ಉಪಗ್ರಹದಿಂದ ಬಂದ ಮಾಹಿತಿಯಲ್ಲಿ ತನ್ನ ಊರಿನದ್ದನ್ನು ಮಾತ್ರ ಆ ಪೆಟ್ಟಿಗೆ ಹೆಕ್ಕಿ ಪರದೆಗೆ ಹಾಕುತ್ತಿತ್ತು.

ಅಂಥ ಪೆಟ್ಟಿಗೆ ನಮ್ಮ ಊರುಗಳ ಕೇಬಲ್‌ಗೆ ಬರಲೇ ಇಲ್ಲ. ಖಾಸಗಿ ಚಾನೆಲ್‌ಗಳು ಬಂದವು, ಬಣ್ಣ ಬಂತು, ತಿರುಗುವ ನಕಾಶೆ ಬಂತು. ಆದರೆ ಬೆಂಗಳೂರಿನವರೂ ಗೋಕಾಕದವರೂ ನೋಡುವುದು ಅದೇ ನಕಾಶೆ. 2013ರಲ್ಲಿ ಹಾರಿದ ಇನ್ಸಾಟ್-3ಡಿಯಿಂದ ಆ ಚುಕ್ಕೆ 4 ಕಿಲೋಮೀಟರಿಗೆ ಇಳಿಯಿತು. ಚಿತ್ರ ಚೊಕ್ಕವಾಯಿತು ನಿಜ, ಆದರೆ ಟಿವಿಯಲ್ಲಿ ನಮ್ಮೂರಿನ ಹೆಸರು ಬರಲಿಲ್ಲ.

ಊರಿನ ಲೆಕ್ಕ ಬಂದದ್ದು ಬೇರೆ ದಾರಿಯಿಂದ. 1988ರಲ್ಲಿ ಬರದ ಮೇಲೆ ನಿಗಾ ಇಡಲು ರಾಜ್ಯ ಸರ್ಕಾರ ಒಂದು ಘಟಕ ಮಾಡಿತು. ಅದೇ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಕೂರಿಸಿದ ಮಳೆಮಾಪಕಗಳು 6 ಸಾವಿರಕ್ಕೂ ಹೆಚ್ಚು. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ರೈತರು ಫೋನ್ ಮಾಡಿ ತಮ್ಮ ಊರಿನ ಮಳೆ ವಿಚಾರ ಕೇಳಬಹುದು. ಕೇಂದ್ರದ ಮೇಘದೂತ್, ಮೌಸಮ್ ಆ್ಯಪ್‌ಗಳು ಬಂದದ್ದು 2019 ಮತ್ತು 2020ರಲ್ಲಿ. ಅಮೆರಿಕದ ಪೆಟ್ಟಿಗೆ ಮಾಡುತ್ತಿದ್ದ ಕೆಲಸ ಈಗ ನಮ್ಮ ಜೇಬಿನಲ್ಲಿದೆ.

ಹಾಗಾದರೆ ಹಳೇ ನಕಾಶೆ ಬೇಡವೇ? 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಗೋಕಾಕಕ್ಕೆ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಅಷ್ಟೂ ನೀರು ಗೋಕಾಕದ ಮೇಲೆ ಸುರಿದ ಮಳೆಯದ್ದಲ್ಲ. ಘಟಪ್ರಭಾ ಹುಟ್ಟುವುದು ಸಹ್ಯಾದ್ರಿಯಲ್ಲಿ. ಹಿರಣ್ಯಕೇಶಿ ಬರುವುದು ಮಹಾರಾಷ್ಟ್ರದ ಅಂಬೋಲಿ ಕಡೆಯಿಂದ. ಮಾರ್ಕಂಡೇಯ ಬಂದು ಕೂಡುವುದು ಗೋಕಾಕದ ಹತ್ತಿರ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಹಿಡಿಯುವುದು 51 ಟಿಎಂಸಿ. ಅದು ತುಂಬಿದ ಮೇಲೂ ಘಟ್ಟದಲ್ಲಿ ಮಳೆ ನಿಲ್ಲದಿದ್ದರೆ ನೀರು ಕೆಳಗೆ ಬರಲೇಬೇಕು.

ಅಂಥ ದಿನ ಫೋನ್ ನಿಮ್ಮೂರಿಗೆ ಬರೀ ತುಂತುರು ಮಳೆ ತೋರಿಸಬಹುದು. ಅದು ಸುಳ್ಳಲ್ಲ, ಅರ್ಧ ಸುದ್ದಿ. ಉಳಿದ ಅರ್ಧ ಟಿವಿಯ ದೊಡ್ಡ ನಕಾಶೆಯಲ್ಲಿದೆ, ಪಶ್ಚಿಮದ ಅಂಚಿನ ದಟ್ಟ ಬಿಳಿ ಮೋಡದಲ್ಲಿ. ದಿನಕ್ಕೆ 115.6 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ‘ಅತಿ ಭಾರಿ ಮಳೆ’ ಅನ್ನುತ್ತದೆ. ಘಟ್ಟಕ್ಕೆ ಆ ಮುನ್ಸೂಚನೆ ಬಂದರೆ ಹೊಳೆಸಾಲಿನವರು ಹಿಡಕಲ್‌ನ ಒಳಹರಿವು, ಹೊರಹರಿವು ಎಷ್ಟೆಂದು ಕೇಳಿಕೊಳ್ಳಬೇಕು.

ಬಿತ್ತುವುದಕ್ಕೆ, ಔಷಧಿ ಹೊಡೆಯುವುದಕ್ಕೆ ಫೋನ್ ನೋಡಿ. ದನಕರು ಯಾವಾಗ ಮೇಲಕ್ಕೆ ಒಯ್ಯಬೇಕು ಅನ್ನುವುದಕ್ಕೆ ನಕಾಶೆ ನೋಡಿ.