ಕೊಂಡ ಹತಾರ, ತಂದ ಹತಾರ

ಮನೆ ರಿಪೇರಿಗೆ ಕೈ ಹಾಕಿದ ಗೃಹಸ್ಥನಿಗೆ ಮೊದಲು ಎದುರಾಗುವುದು ಸಿಮೆಂಟಿನ ಲೆಕ್ಕವಲ್ಲ, ಹತಾರಗಳ ಲೆಕ್ಕ. ಗೋಡೆ ಕೊರೆಯುವ ಯಂತ್ರವನ್ನು ಕೊಳ್ಳಬೇಕೆ, ಎರಡು ದಿನದ ಮಟ್ಟಿಗೆ ಬಾಡಿಗೆಗೆ ತರಬೇಕೆ? ಕೊಂಡರೆ ಕೆಲಸ ಮುಗಿದ ಮೇಲೆ ಅದು ಅಟ್ಟದ ಮೇಲೆ ಕುಳಿತು ಧೂಳು ತಿನ್ನುತ್ತದೆ. ಬಾಡಿಗೆಗೆ ತಂದರೆ, ಕೆಲಸದವನು ಒಂದು ದಿನ ಬಾರದೆ ಹೋದಾಗಲೂ ಬಾಡಿಗೆ ಮಾತ್ರ ತಪ್ಪದೆ ಬೆಳೆಯುತ್ತದೆ. ಈ ಪೇಚಾಟ ಯಂತ್ರಯುಗ ತಂದದ್ದೆಂದು ನಾವು ತಿಳಿಯುವುದುಂಟು. ಆದರೆ ಘಟಪ್ರಭೆಯ ದಂಡೆಯ ಗೋಕಾಕ, ಹಿಂದೆ ಗೋಕಾಕ ತಾಲೂಕಿನಲ್ಲೇ ಇದ್ದು ಈಗ ತಾನೇ ತಾಲೂಕಾಗಿರುವ ಮೂಡಲಗಿ, ಅವುಗಳ ಪಡುವಣಕ್ಕಿರುವ ಹುಕ್ಕೇರಿ, ಈ ಮೂರು ಊರುಗಳ ಹಳೆಯ ಬಾಳುವೆಯನ್ನು ನೋಡಿದರೆ ಪ್ರಶ್ನೆ ಬಹಳ ಹಿಂದಿನದೆಂಬುದು ಕಾಣುತ್ತದೆ. ಅದಕ್ಕೆ ಹಿರಿಯರು ಕೊಟ್ಟ ಉತ್ತರವೂ ನಾವೆಣಿಸಿದಷ್ಟು ಸರಳವಾಗಿರಲಿಲ್ಲ.

ಮೂಡಲಗಿಯ ಕಡೆಯ ಎರೆಭೂಮಿಯಲ್ಲಿ ಹಿಂದಿನ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ಹುಕ್ಕೇರಿಯ ಪಡುವಣ ಸೀಮೆ ಸಹ್ಯಾದ್ರಿಗೆ ಸಮೀಪವಾದ್ದರಿಂದ ಅಲ್ಲಿ ಮಳೆ ಹೆಚ್ಚು. ಹೀಗಾಗಿ ಹಂಚಿನ ಇಳಿಜಾರು ಮಾಡು. ಹಂಚು ಒಡೆದರೆ ಒಡೆದ ಹಂಚನ್ನು ಮಾತ್ರ ಬದಲಾಯಿಸಿದರಾಯಿತು. ಮಾಳಿಗೆಯ ಪಾಡು ಹಾಗಲ್ಲ. ಬೇಸಿಗೆಯಲ್ಲಿ ಬಿರಿದ ಮಣ್ಣನ್ನು ಮೃಗಶಿರ ಮಳೆ ಬೀಳುವುದಕ್ಕೆ ಮೊದಲೇ ಸರಿಪಡಿಸಬೇಕು. ಕರಲು ಮಣ್ಣನ್ನು ಹೊತ್ತು ತಂದು, ಹರಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡಬೇಕು. ಈ ಕೆಲಸಕ್ಕೆ ಬೇಕಾದ ಗುದ್ದಲಿ, ಸಲಿಕೆ, ಬುಟ್ಟಿ, ಏಣಿ, ಬಡಿಯುವ ಹಲಗೆ ಇವು ಪ್ರತಿ ಮನೆಯಲ್ಲಿಯೂ ಇರುತ್ತಿದ್ದವು. ಕೈಯಲ್ಲಿ ಕಾಸು ಆಡದ ಬಡವನ ಮನೆಯಲ್ಲಿಯೂ ಇರುತ್ತಿದ್ದವು. ಏಕೆ? ಇಡೀ ಊರಿಗೆ ಆ ಕೆಲಸ ಒಂದೇ ವಾರದಲ್ಲಿ ಬೀಳುತ್ತಿತ್ತು. ಮೋಡ ಕವಿದ ಹೊತ್ತಿನಲ್ಲಿ ನೆರೆಮನೆಗೆ ಹೋಗಿ, 'ಅಣ್ಣಾ, ಸಲಿಕೆ ಇದ್ದರ ಕೊಡೋ' ಎಂದು ಕೇಳಿದರೆ, ಆ ಅಣ್ಣ ತಾನೇ ಮಾಳಿಗೆಯ ಮೇಲೆ ಸಲಿಕೆ ಹಿಡಿದು ನಿಂತಿರುತ್ತಿದ್ದ.

ಬಡಿಗನ ಹತಾರಗಳ ಸಂಗತಿಯೇ ಬೇರೆ. ಬಾಚಿ, ಉಳಿ, ಗರಗಸ, ಬೈರಿಗೆ, ಉಜ್ಜುಗೊರಡು ಇವು ಒಕ್ಕಲಿಗನ ಮನೆಯಲ್ಲಿ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟು ಸಡಿಲಾಗುವುದು ಒಬ್ಬನಿಗೆ ಕಾರ್ತಿಕದಲ್ಲಿ, ಇನ್ನೊಬ್ಬನಿಗೆ ಯುಗಾದಿಗೆ. ಹೀಗೆ ವರ್ಷದುದ್ದಕ್ಕೂ ಹರಡಿಕೊಂಡ ಕೆಲಸಕ್ಕೆ ಊರಿಗೊಂದು ಜೊತೆ ಹತಾರ ಸಾಕು. ಅದು ಬಡಿಗನ ಕೈಯಲ್ಲಿತ್ತು. ಆಯದ ಪದ್ಧತಿಯೆಂಬುದು ಇದೇ. ಬಡಿಗ, ಕಮ್ಮಾರ ಮೊದಲಾದ ಆಯಗಾರರು ಒಕ್ಕಲುತನದ ಸಾಮಾನುಗಳನ್ನು ವರ್ಷವಿಡೀ ದುರಸ್ತಿ ಮಾಡುವರು. ಸುಗ್ಗಿಯಲ್ಲಿ ಒಕ್ಕಲಿಗರು ಅವರಿಗೆ ಕಾಳುಕಡಿ ಅಳೆದುಕೊಡುವರು. ಮರ, ಕಬ್ಬಿಣ, ಇದ್ದಿಲು ಕೆಲಸ ಮಾಡಿಸುವವನದು. ಹತಾರ ಮತ್ತು ಕೈ ಕಸಬುದಾರನವು. ಮನೆ ಕಟ್ಟುವ ಕೆಲಸ ಸಾಮಾನ್ಯವಾಗಿ ಆಯದ ಲೆಕ್ಕಕ್ಕೆ ಬರುತ್ತಿರಲಿಲ್ಲ, ಅದಕ್ಕೆ ಕೂಲಿ ಬೇರೆ. ಆದರೂ ಹತಾರ ಮಾತ್ರ ಬಡಿಗನೊಡನೆಯೇ ಬರುತ್ತಿತ್ತು, ಅವನೊಡನೆಯೇ ಹೋಗುತ್ತಿತ್ತು. ತನ್ನ ಉಳಿಯನ್ನು ಬಡಿಗ ಯಾರ ಕೈಗೂ ಸುಲಭವಾಗಿ ಕೊಡುವವನಲ್ಲ. ಅದಕ್ಕೆ ಜಿಪುಣತನ ಕಾರಣವಲ್ಲ. ಅರಿಯದ ಕೈ ಒಂದು ಗಳಿಗೆಯಲ್ಲಿ ಕೆಡಿಸಿದ ಬಾಯಿಯನ್ನು ಮಸೆಯಲು ಅವನಿಗೆ ಅರ್ಧ ದಿನ ಬೇಕು. ಇಂದು ಬಾಡಿಗೆ ಅಂಗಡಿಯವನು ಮುಂಗಡ ಹಣ ಇರಿಸಿಕೊಳ್ಳುವುದರ ಹಿಂದೆ ಇರುವುದೂ ಇದೇ ಭಯ.

ಆಯದ ಪದ್ಧತಿಯನ್ನು ಸುವರ್ಣಯುಗದಂತೆ ಬಣ್ಣಿಸುವುದು ನಮ್ಮಲ್ಲಿ ಒಂದು ರೂಢಿಯಾಗಿದೆ. ಅದನ್ನು ನಾನು ಒಪ್ಪಲಾರೆ. ಬರ ಬಿದ್ದ ವರ್ಷ ಕಣ ಬರಿದಾದರೆ ಆಯಗಾರನ ಮಡಕೆಯೂ ಬರಿದು. ಜಾತಿಗೆ ಕಟ್ಟುಬಿದ್ದ ಕಸಬನ್ನು ಬಿಟ್ಟು ಅವನು ಹೋಗುವುದಾದರೂ ಎಲ್ಲಿಗೆ? ಹತಾರಗಳ ಹಂಚಿಕೆಯ ಮಟ್ಟಿಗೆ ಆ ಏರ್ಪಾಡು ಜಾಣತನದ್ದು ಎನ್ನಬಹುದು, ಅಷ್ಟೇ.

ಮನೆಯವನದೂ ಅಲ್ಲದ, ಕಸಬುದಾರನದೂ ಅಲ್ಲದ ಮೂರನೆಯ ಬಗೆಯ ಸಾಮಾನೊಂದಿತ್ತು. ಗುಡಿಯ ಅಥವಾ ಮಠದ ದೊಡ್ಡ ಹಂಡೆ, ಕೊಪ್ಪರಿಗೆಗಳು. ಮನೆ ಪ್ರವೇಶಕ್ಕೋ ಮದುವೆಗೋ ಅಲ್ಪ ಕಾಣಿಕೆ ಕೊಟ್ಟು ಒಯ್ಯುವುದು, ತಿಕ್ಕಿ ತೊಳೆದು ಮರಳಿಸುವುದು ವಾಡಿಕೆ. ಲಗ್ನದ ದಿನಗಳಲ್ಲಿ ಒಳ್ಳೆಯ ಮುಹೂರ್ತ ಎರಡು ಮನೆಗಳಿಗೂ ಒಂದೇ ಆದರೆ ಜಗಳ ಕಟ್ಟಿಟ್ಟದ್ದು. ಪಂಚಾಂಗಕ್ಕೆ ಹಂಡೆಗಳ ಎಣಿಕೆ ಗೊತ್ತಿಲ್ಲವಷ್ಟೆ!

ನಾಲ್ಕನೆಯ ದಾರಿಯೂ ಒಂದಿತ್ತು. ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳಂಥ ಕಟ್ಟಡಗಳಿಗೆ ಸುಣ್ಣದ ಗಾರೆ ಬೇಕು. ಗಾರೆ ಅರೆಯಲು ದುಂಡನೆಯ ಕಾಲುವೆ ತೋಡಿ, ಅದರಲ್ಲಿ ಕಲ್ಲಿನ ಗಾಲಿಯನ್ನಿಟ್ಟು ಎತ್ತುಗಳಿಂದ ತಿರುಗಿಸುತ್ತಿದ್ದರು. ಮೊನ್ನೆ ಮೊನ್ನೆಯವರೆಗೂ ಈ ಗಾರೆಯ ಗಾಣ ನಮ್ಮ ಕಡೆ ಬಳಕೆಯಲ್ಲಿತ್ತು. ಆ ಗಾಲಿಯನ್ನು ಊರಿಂದೂರಿಗೆ ಹೊತ್ತೊಯ್ಯುವುದು ಹೊಸದನ್ನು ಕಡೆಯುವುದಕ್ಕಿಂತ ಕಷ್ಟ. ಹೀಗಾಗಿ ಕೆಲಸದ ಸ್ಥಳದಲ್ಲೇ ಕಡೆದು, ಕೆಲಸ ಮುಗಿದ ಮೇಲೆ ಅಲ್ಲೇ ಬಿಟ್ಟುಹೋಗುವುದೂ ಇತ್ತು. ಹಳೆಯ ಕಟ್ಟಡಗಳ ಬದಿಯಲ್ಲಿ ಇಂಥ ಅನಾಥ ಗಾಲಿಗಳನ್ನು ಕಂಡವರಿರಬಹುದು.

ಮನೆಯ ಹತಾರಕ್ಕೆ ಹೊಂದಿದ ಈ ಲೆಕ್ಕ ಹೊಲದ ಹತಾರಕ್ಕೂ ಹೊಂದುತ್ತದೆ. ಬಿತ್ತನೆಯ ಹದ ಎಲ್ಲರಿಗೂ ಒಮ್ಮೆಲೆ ಬರುವುದರಿಂದ ಕೂರಿಗೆ, ಕುಂಟೆಗಳು ಒಕ್ಕಲುಮನೆಯ ಸ್ವಂತ ಆಸ್ತಿ. ಎರೆಹೊಲವನ್ನು ಆಳವಾಗಿ ಉಳುವ ದೊಡ್ಡ ನೇಗಿಲನ್ನಾದರೋ ನಾಲ್ಕಾರು ವರ್ಷಕ್ಕೊಮ್ಮೆ ಹೂಡುತ್ತಿದ್ದರು. ಅದಕ್ಕೆ ಮೂರು ನಾಲ್ಕು ಜೋಡಿ ಎತ್ತು ಬೇಕು. ನೆರೆಯವರು ಕೂಡಿ ಮುಯ್ಯಾಳಿನಂತೆ ಸಾಗಿಸುತ್ತಿದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1903ರ ಸುಮಾರಿಗೆ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿದಾಗ, ಅದು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂಬ ನಂಬಿಕೆ ಅದಕ್ಕೆ ಕಾರಣವೆಂಬುದು ಪ್ರಸಿದ್ಧವಾದ ಮಾತು. ನಂಬಿಕೆ ಇದ್ದದ್ದು ನಿಜವಿರಬಹುದು. ಆದರೆ ಅಪರೂಪಕ್ಕೆ ಬೇಕಾಗುವ ಸಾಮಾನಿಗೆ ಗಂಟಿನ ಹಣ ಸುರಿಯಲು ಒಕ್ಕಲಿಗ ಹಿಂಜರಿದಿದ್ದರೆ ಅದನ್ನು ಮೌಢ್ಯವೆನ್ನಬಹುದೆ? ಇದಕ್ಕೂ ಮೊದಲೇ, 1870ರ ದಶಕದಲ್ಲಿ, ಬಿಹಾರದ ಬೇಹಿಯಾದ ಥಾಮ್ಸನ್ ಮತ್ತು ಮಿಲ್ನ್ ಎಂಬ ಜಮೀನುದಾರರು ಕಬ್ಬಿಣದ ಕಬ್ಬಿನ ಗಾಣವನ್ನು ಹೊರತಂದು, ಅದನ್ನು ಮಾರುವುದರ ಜೊತೆಗೆ ಬಾಡಿಗೆಗೂ ಕೊಟ್ಟರು. ಕಬ್ಬು ಅರೆಯುವ ಕಾಲ ತಿಂಗಳುಗಟ್ಟಲೆ ನಡೆಯುವುದರಿಂದ ಒಂದೇ ಗಾಣ ಹಲವು ಹೊಲಗಳನ್ನು ಸುತ್ತಬಹುದು. ಬಾಡಿಗೆಗೆ ಇದಕ್ಕಿಂತ ಒಳ್ಳೆಯ ಸಾಮಾನು ಬೇರೆ ಬೇಕೆ? ಕರ್ನಾಟಕ ಸರಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳ ಬೆನ್ನಿಗಿರುವುದೂ ಇಂಥದೇ ವಿಚಾರ.

ಮನೆಗೆ ಮರಳೋಣ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಇಂಥ ಮೊದಲ ಕೆಲವೇ ಸಂಘಗಳಲ್ಲಿ ಅದೊಂದು. ತಂತಿ, ಕಂಬಗಳು ಸಂಘದ ಸೊತ್ತಾದವು. ತಂತಿಯ ತುದಿಗೆ ಸಿಕ್ಕಿಸುವ ಸಾಮಾನು ಮಾತ್ರ ಅವರವರದು. ವಿದ್ಯುತ್ತಿನ ಬೆನ್ನಿಗೆ ಸಿಮೆಂಟಿನ ಛತ್ತು ಹಬ್ಬಿ ಮಾಳಿಗೆಗಳು ಇಳಿದವು. ಛತ್ತು ಹಾಕಲು ಸೆಂಟ್ರಿಂಗ್ ಹಲಗೆ, ಆಸರೆಯ ಕಂಬ, ಕಲಸುವ ಯಂತ್ರ ಬೇಕು. ಮನೆಯೊಂದಕ್ಕೆ ಜನ್ಮದಲ್ಲಿ ಒಮ್ಮೆಯೋ ಎರಡು ಸಲವೋ ಬೇಕಾಗುವ ಇವನ್ನು ಕೊಳ್ಳುವ ಹುಚ್ಚು ಯಾರೂ ಮಾಡುವುದಿಲ್ಲ. ಗೋಡೆ ಒಡೆಯುವ, ಫರಸಿ ಕೊಯ್ಯುವ ಯಂತ್ರಗಳದೂ ಅದೇ ಪಾಡು. ಹೆಚ್ಚಿನವರು ಅವನ್ನು ಬಾಡಿಗೆಗೂ ತರುವುದಿಲ್ಲ. ಯಂತ್ರವಿದ್ದ ಮೇಸ್ತ್ರಿಯನ್ನೇ ಕರೆಯುತ್ತಾರೆ. ಬಡಿಗನೊಡನೆ ಬರುತ್ತಿದ್ದ ಬಾಚಿಯ ಹಾಗೆ ಯಂತ್ರ ಮೇಸ್ತ್ರಿಯೊಡನೆ ಬರುತ್ತದೆ. ಎಷ್ಟೋ ವೇಳೆ ಅದು ಅವನದೂ ಅಲ್ಲ, ಅವನು ಬಾಡಿಗೆಗೆ ತಂದದ್ದು. ಆ ಬಾಡಿಗೆ ನಮ್ಮ ಬಿಲ್ಲಿನಲ್ಲಿ ಕೂಲಿಯ ವೇಷ ಹಾಕಿಕೊಂಡು ಕುಳಿತಿರುತ್ತದೆ.

ಮೃಗಶಿರದ ಆ ವಾರವೂ ಮಾಳಿಗೆಯೊಡನೆ ಮರೆಯಾಯಿತೆಂದು ತೋರುತ್ತಿತ್ತು. 2019ರ ಆಗಸ್ಟ್ ತಿಂಗಳಲ್ಲಿ ಅದು ಬೇರೆ ರೂಪದಲ್ಲಿ ಬಂತು. ಘಟಪ್ರಭೆಯೂ ಮಾರ್ಕಂಡೇಯವೂ ಒಟ್ಟಿಗೆ ಉಕ್ಕಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳು ಮುಳುಗಿದವು. ನದಿಯ ಕೆಳಗಣ ಹಳ್ಳಿಗಳೂ ಪಾರಾಗಲಿಲ್ಲ. ನೀರಿಳಿದ ಮರುದಿನ ಪ್ರತಿ ಮನೆಯಲ್ಲಿಯೂ ಮೊಣಕಾಲು ಹೂಳುವ ರಾಡಿ. ರಾಡಿ ಹಸಿಯಾಗಿರುವಾಗಲೇ ಎತ್ತಿ ಹಾಕಬೇಕು, ಒಣಗಿದರೆ ಗೋಡೆಯ ಗಿಲಾವೂ ಅದರೊಡನೆ ಏಳುತ್ತದೆ. ಸರಕಾರ ನೆರೆ ಸಂತ್ರಸ್ತ ಕುಟುಂಬಗಳಿಗೆ ತಕ್ಷಣದ ಪರಿಹಾರವೆಂದು 10,000 ರೂಪಾಯಿ ಸಾರಿತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಹಣ ಬಂದರೂ, ಬಾಡಿಗೆಯವನ ಹತ್ತಿರ ನಾಲ್ಕು ಪಂಪು ಇದ್ದು ನಾಲ್ಕು ನೂರು ಮನೆಗಳವರು ಅವನ ಬಾಗಿಲಲ್ಲಿ ನಿಂತಾಗ ಅದರಿಂದೇನು? ಎರಡು ದಿನದ ಬಾಡಿಗೆ ಅಗ್ಗವೋ ಸ್ವಂತ ಸಾಮಾನು ಅಗ್ಗವೋ ಎಂಬ ಎಣಿಕೆ, ಸಾಮಾನು ಸಿಗುತ್ತದೆ ಎಂಬ ಭರವಸೆಯ ಮೇಲೆ ನಿಂತದ್ದು. ಎಲ್ಲರಿಗೂ ಒಂದೇ ದಿನ ಬೇಕಾದಾಗ ಆ ಭರವಸೆಯೇ ಇರುವುದಿಲ್ಲ.

ಕೊರೆಯುವ ಯಂತ್ರ, ಕೊಯ್ಯುವ ಯಂತ್ರ, ಕಲಸುವ ಯಂತ್ರ ಇವನ್ನು ಧಾರಾಳವಾಗಿ ಬಾಡಿಗೆಗೆ ತರಬಹುದು. ನಮ್ಮ ಗೋಡೆಗೆ ಮೊಳೆ ಬೇಕಾದ ದಿನವೇ ನೆರೆಮನೆಯವರಿಗೂ ಬೇಕೆಂದೇನಿಲ್ಲ. ಸಲಿಕೆ, ಗುದ್ದಲಿ, ಹಾರೆ, ಬುಟ್ಟಿ, ಹಗ್ಗ, ಏಣಿ ಇವು ಇಂದಿಗೂ ಮನೆಯಲ್ಲೇ ಇರಬೇಕಾದವು. 2024ರ ಜುಲೈಯಲ್ಲಿ ಗೋಕಾಕದ ಹತ್ತಿರ ಲೋಳಸೂರ ಸೇತುವೆ ಮತ್ತೆ ಮುಳುಗಿತು. ನದಿಯ ಬದಿಯ ಮನೆಯವರು ಇವನ್ನು ಕೆಳಗಿನ ಕೋಣೆಯಲ್ಲಿ ಇಡುವುದೂ ತರವಲ್ಲ. ನೀರು ಬಂದಾಗ ಮೊದಲು ಮುಳುಗುವುದು ಅದೇ. ಛತ್ತಿನ ಮೇಲೆ, ಜಿಂಕಿನ ತಗಡಿನ ಮರೆಯಲ್ಲಿ ಅವಕ್ಕೊಂದು ಜಾಗ ಮಾಡಬೇಕು.