ಸೈಕಲ್ ತುಳಿದ ದಾರಿ

(ಹಳೆಯ ವಿದ್ಯಾರ್ಥಿ, 2011ರ ಎಸ್ಸೆಸ್ಸೆಲ್ಸಿ ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆಂದರೆ ಊರಿನವರು ನಗುತ್ತಾರೆ. “ಎಂಜಿನಿಯರ್ ಆದಮೇಲೂ ಸೈಕಲ್ಲೇನಪ್ಪಾ?” ಎನ್ನುತ್ತಾರೆ. ಸೈಕಲ್ ಬಡವರ ವಾಹನ, ನಾಲ್ಕು ಕಾಸು ಕೂಡಿದ ಕೂಡಲೇ ಬಿಡಬೇಕಾದದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಸೈಕಲ್ಲಿನ ಕಥೆಯನ್ನೇ ಬರೆಯೋಣವೆನಿಸಿತು. ನನ್ನಂಥ ಹಲವರು ಈ ಶಾಲೆಯ ಗೇಟು ದಾಟಿ ಬಂದದ್ದೇ ಸೈಕಲ್ಲಿನ ಮೇಲೆ.

ನಿಜ ಹೇಳಬೇಕೆಂದರೆ, ಸೈಕಲ್ ಮೊದಲು ಉಳ್ಳವರ ಆಟಿಕೆಯಾಗಿತ್ತು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಮಾಡಿದ ಮರದ ಗಾಡಿಗೆ ಎರಡು ಚಕ್ರಗಳಿದ್ದವು, ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಓಡಿಸಬೇಕಿತ್ತು. ಮುಂದೆ ಪೆಡಲ್ ಬಂತು, ಆದರೆ ಅದನ್ನು ನೇರ ಮುಂದಿನ ಚಕ್ರಕ್ಕೇ ಜೋಡಿಸಿದ್ದರು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹಾಗಾಗಿ ವೇಗ ಬೇಕೆಂದರೆ ಚಕ್ರವನ್ನೇ ಆಳೆತ್ತರಕ್ಕೆ ಬೆಳೆಸಬೇಕಾಯಿತು. ಅಷ್ಟು ಎತ್ತರದಿಂದ ಬಿದ್ದರೆ ಕೈಕಾಲು ಮುರಿಯುವುದು ಖಂಡಿತ. ಧೈರ್ಯ, ದುಡ್ಡು ಎರಡೂ ಇದ್ದ ಯುವಕರಷ್ಟೇ ಅದನ್ನು ಏರುತ್ತಿದ್ದರು.

ಈ ತೊಡಕನ್ನು ಬಿಡಿಸಿದ್ದು ಚೈನು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿನಲ್ಲಿ ಪೆಡಲ್ಲಿನ ಶಕ್ತಿ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತಿತ್ತು. ಇಲ್ಲಿ ಹೈಸ್ಕೂಲಿನ ಲೆಕ್ಕವೇ ಸಾಕು. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗುವಷ್ಟರಲ್ಲಿ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಇಂಚಿನ ಚಕ್ರವಾದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ದೈತ್ಯ ಚಕ್ರದ ಅಗತ್ಯವೇ ಉಳಿಯಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಗಾಳಿ ತುಂಬಿದ ಟೈರು ಮಾಡಿದ. ಬೆಲೆಯೂ ವರ್ಷ ವರ್ಷ ಇಳಿಯಿತು. ಕಾರ್ಮಿಕರು, ಗುಮಾಸ್ತರು, ಹೆಂಗಸರು ಸೈಕಲ್ ಏರಿದರು. ಕಾರ್ಖಾನೆಯ ಪಕ್ಕದಲ್ಲೇ ಮನೆ ಹಿಡಿಯಬೇಕೆಂಬ ಕಟ್ಟು ಸಡಿಲವಾಯಿತು.

ನಮ್ಮ ದೇಶಕ್ಕೆ ಸೈಕಲ್ ಹಡಗಿನಲ್ಲಿ ಬಂತು. ಸ್ವಾತಂತ್ರ್ಯದ ನಂತರ ಇಲ್ಲೇ ಕಾರ್ಖಾನೆಗಳು ಎದ್ದವು: 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಹಾಲಿನವರು, ಪೋಸ್ಟಿನವರು, ಮೇಷ್ಟ್ರುಗಳು ಇದೇ ಸೈಕಲ್ ತುಳಿದರು. ಕೊಳ್ಳಲಾಗದವರಿಗೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಇತ್ತು. ಸೀಟು ಎಟುಕದ ಹುಡುಗರು ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ತುಳಿಯುತ್ತ, ಬಿದ್ದು ಮಂಡಿ ತರಚಿಕೊಂಡು ಕಲಿತರು.

2006-07ರಲ್ಲಿ ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿತು. ನಮ್ಮ ಮನೆಯ ಕಥೆ ಇಲ್ಲಿಂದಲೇ ಎರಡಾಗುತ್ತದೆ. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ 2004ರಲ್ಲಿ 7ನೇ ತರಗತಿ ಮುಗಿಸಿದಳು. ನಮ್ಮ ಹಳ್ಳಿಯಿಂದ ಈ ಶಾಲೆಗೆ 6 ಕಿ.ಮೀ. ದೂರ. ಸರಿಯಾದ ಹೊತ್ತಿಗೆ ಬಸ್ಸಿಲ್ಲ, ಒಬ್ಬಳೇ ನಡೆದು ಹೋಗುವುದು ಬೇಡ ಎಂದು ಮನೆಯಲ್ಲಿ ತೀರ್ಮಾನಿಸಿದರು. 2008ರಲ್ಲಿ ನಾನು 8ನೇ ತರಗತಿಗೆ ಬಂದಾಗ ನನಗೆ ಸೈಕಲ್ ಸಿಕ್ಕಿತು. ಅಕ್ಕ ನನಗಿಂತ ಚೆನ್ನಾಗಿ ಓದುತ್ತಿದ್ದಳು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದಲ್ಲ, ನಾಲ್ಕು ವರ್ಷದ್ದು ಮತ್ತು ಒಂದು ಸೈಕಲ್ಲಿನದ್ದು. ಬಿಹಾರದಲ್ಲೂ 2006ರಲ್ಲೇ ಹೆಣ್ಣುಮಕ್ಕಳಿಗಾಗಿ ಇಂಥ ಯೋಜನೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಅದರ ಪ್ರಯೋಜನ ಹೆಚ್ಚು ಎಂದು ಕಂಡುಕೊಂಡರು. ಓದುವಾಗ ನನಗೆ ನಮ್ಮ ಮನೆಯೇ ಕಣ್ಣಮುಂದೆ ಬಂತು.

ಕೆಲಸ ಸಿಕ್ಕ ಮೇಲೆ ನಾನೂ ಸೈಕಲ್ ಬಿಟ್ಟೆ, ಬೈಕು ಕೊಂಡೆ. ಮತ್ತೆ ಹಿಡಿದದ್ದು ಕೊರೊನಾ ಲಾಕ್‌ಡೌನ್ ಮುಗಿದ ಮೇಲೆ. ಮನೆಯಿಂದ ಕಚೇರಿಗೆ 9 ಕಿ.ಮೀ. ಟ್ರಾಫಿಕ್ಕಿನಲ್ಲಿ ಬೈಕಿಗೆ ಹಿಡಿಯುವಷ್ಟೇ ಸಮಯ ಸೈಕಲ್ಲಿಗೂ ಹಿಡಿಯುತ್ತದೆ. ಅದೇ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆಂದೇ ಪಥ ಮಾಡಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಈಗ ಬಸ್ಸು, ಲಾರಿಗಳ ನಡುವೆಯೇ ಜೀವ ಕೈಯಲ್ಲಿ ಹಿಡಿದು ತುಳಿಯಬೇಕು. ನೆದರ್‌ಲ್ಯಾಂಡ್ಸ್‌ನಲ್ಲೂ ಒಮ್ಮೆ ಕಾರುಗಳು ಸೈಕಲ್ಲನ್ನು ಬದಿಗೆ ತಳ್ಳಿದ್ದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದರು. 1973ರಲ್ಲಿ ಪೆಟ್ರೋಲಿಗೂ ಬರ ಬಂತು. ಆಮೇಲೆ ಅಲ್ಲಿ ಸೈಕಲ್ ದಾರಿಗಳು ಬೆಳೆದವು. ಜನ ಕೇಳಿದ್ದರಿಂದ ಆದದ್ದು ಅದು.

ಈ ಲೇಖನಕ್ಕಾಗಿ ಅಕ್ಕನಿಗೆ ಫೋನ್ ಮಾಡಿದ್ದೆ. “ನಿನ್ನ ಸೈಕಲ್ಲಲ್ಲೇ ಕಣೋ ನಾನು ಕಲಿತಿದ್ದು. ನೀನು ಏಳೋ ಮುಂಚೆ ಡೈರಿಗೆ ಹಾಲು ಹಾಕಿ ಬರ್ತಿದ್ದೆ” ಎಂದಳು. ಇಷ್ಟು ವರ್ಷ ಅದು ನನಗೆ ಗೊತ್ತೇ ಇರಲಿಲ್ಲ.

ಕೊರೊನಾ ಬಂದಾಗ ಉಚಿತ ಸೈಕಲ್ ವಿತರಣೆ ನಿಂತಿತು. ದೂರದ ಹಳ್ಳಿಗಳು ಮಾತ್ರ ಇದ್ದಲ್ಲೇ ಇವೆ. ಹಳೆಯ ವಿದ್ಯಾರ್ಥಿಗಳಾದ ನಾವು ನಮ್ಮ ಮನೆಗಳಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲುಗಳನ್ನು ರಿಪೇರಿ ಮಾಡಿಸಿ ಶಾಲೆಗೆ ಕೊಡಬಹುದು; ಒಂದು ಗಾಳಿ ಪಂಪು, ಪಂಕ್ಚರ್ ಸಾಮಾನು ಇಡಬಹುದು. ನನ್ನದೊಂದು ಸೈಕಲ್ ಈ ಸಮಾರಂಭದ ದಿನವೇ ಬರುತ್ತದೆ. ಅದು 6 ಕಿ.ಮೀ. ದೂರದಿಂದ ಬರುವ ಒಬ್ಬ ಹುಡುಗಿಗೆ ಸಿಗಲಿ ಎಂಬುದು ಅಕ್ಕನ ಮಾತು.